ಚಂದ್ರಶೇಖರ ಕಂಬಾರರೂ ಅವರ ಶಿವಾಪುರವೂ



ಮಕ್ಕಳ ಅಭ್ಯಾಸವನ್ನು ವಿಚಾರಿಸಲಿಕ್ಕೆ ಶಾಲೆಗೆ ಬರುವ ಪಾಲಕರ ಬಾಯಿಂದ ನಾವು ಮೇಲಿಂದ ಮೇಲೆ ಕೇಳುವ ದೂರೊಂದುಂಟು. "ಅಕ್ಕೋರ, ಹುಡಿಗಿ ಲೆಕ್ಕದ ಪುಸ್ತಕಾ ಮುಚ್ಚಿಟ್ಟು ಬರೇ ಕಟ್ಟುಕಥಿ ಓದತಾಳ. ಹಾವು ರಾಜಕುಮಾರ ಆಗತೈತೇನ್ರಿ? ಇದರಿಂದ ಏನ ಬಂತು?" ಎಂದು ಅವರು ಕೇಳುತ್ತಾರೆ. ಈ ಪ್ರಶ್ನೆಯನ್ನು ನಗೆಯಾಡಿ ತಳ್ಳಿಬಿಡತಕ್ಕದ್ದಲ್ಲ. ಹೊಟ್ಟೆ ಬಟ್ಟೆ ಕಟ್ಟಿ ಮಗಳನ್ನು ಓದಿಸುವ ತಂದೆಯು ಹೊತ್ತಿನ ಬೆಲೆಯನ್ನು ಬಲ್ಲವನು. ಇಲ್ಲದ ಊರಿನ, ಆಗದ ಸಂಗತಿಯ ಕಥೆಯು ಆ ಬೆಲೆಯನ್ನು ತೀರಿಸಬಲ್ಲುದೋ ಇಲ್ಲವೋ ಎಂಬದನ್ನು ನಾವು ನೆಟ್ಟಗೆ ವಿಚಾರಿಸಬೇಕು.

ಇದಕ್ಕೆ ಉತ್ತರವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಭೂಪಟದಲ್ಲಿಲ್ಲದ ಒಂದು ಊರನ್ನು ಕಲ್ಪಿಸಿ, ಅದರಲ್ಲಿ ಹಾವು, ಯಕ್ಷಿ, ಮೃತ್ಯುದೇವತೆಗಳನ್ನು ನೆಲೆಗೊಳಿಸಿ, ಅದೇ ಊರಿನಿಂದ ನಾಟಕ, ಕಾವ್ಯ, ಕಾದಂಬರಿಗಳನ್ನು ಬೆಳೆದ ಲೇಖಕರೊಬ್ಬರು ನಮ್ಮ ಹುಕ್ಕೇರಿ ತಾಲ್ಲೂಕಿನಲ್ಲಿಯೇ ಹುಟ್ಟಿ, ನಮ್ಮ ಗೋಕಾಕದಲ್ಲಿಯೇ ಓದಿದರು. ಅವರು ಡಾ. ಚಂದ್ರಶೇಖರ ಕಂಬಾರರು. ಅವರ ಜೀವನವನ್ನೂ ಕೃತಿಗಳನ್ನೂ ಪರಿಚಯಮಾಡಿಕೊಡುವದು ಈ ಲೇಖನದ ಉದ್ದೇಶ. ಕೊನೆಯಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುವದೂ ಉಂಟು.

ನೆಲವೂ ನುಡಿಯೂ

ಸಹ್ಯಾದ್ರಿಯಲ್ಲಿ ಹುಟ್ಟಿ ಕೃಷ್ಣೆಯನ್ನು ಕೂಡುವ ಘಟಪ್ರಭೆಯು ಹುಕ್ಕೇರಿ, ಗೋಕಾಕ ತಾಲ್ಲೂಕುಗಳನ್ನೂ, ಈಚೆಗೆ ಗೋಕಾಕದಿಂದ ಬೇರ್ಪಟ್ಟು ಸ್ವತಂತ್ರ ತಾಲ್ಲೂಕಾದ ಮೂಡಲಗಿಯನ್ನೂ ಒಂದೇ ಸೀಮೆಯನ್ನಾಗಿ ಮಾಡಿದೆ. ಹಿಡಕಲ್ಲಿನಲ್ಲಿ ಅಣೆಕಟ್ಟಿಗೆ ತಡೆದು ನಿಂತ ನೀರೂ, ಗೋಕಾಕದ ಹತ್ತಿರ ಸುಮಾರು 170 ಅಡಿ ಎತ್ತರದಿಂದ ಧುಮುಕುವ ನೀರೂ ಒಂದೇ. ಈ ಹೊಳೆಯ ದಂಡೆಯ ಜನರು ಕೈಯಲ್ಲಿಯೂ ಬಾಯಲ್ಲಿಯೂ ಕಲ್ಪನೆಯನ್ನು ಬೆಳೆಸಿದವರು.

ಕೈಯ ಮಾತಿಗೆ ಗೋಕಾಕದ ಆಟಿಗೆಗಳನ್ನು ನೆನೆಯಿರಿ. ಹಗುರಾದ ಕಟ್ಟಿಗೆಯನ್ನು ಕೆತ್ತಿ, ಬಣ್ಣ ಹಚ್ಚಿ, ನಮ್ಮ ಕುಶಲಕರ್ಮಿಗಳು ಮಾಡುವ ಮಾವಿನ ಹಣ್ಣನ್ನು ತಟ್ಟೆಯಲ್ಲಿಟ್ಟರೆ ಮಗುವು ಕೈಚಾಚದೆ ಇರದು. ಅದು ತಿನ್ನುವ ಹಣ್ಣಲ್ಲವೆಂದು ಯಾರೂ ಕಲಾವಿದನನ್ನು ಸುಳ್ಳುಗಾರನೆನ್ನುವದಿಲ್ಲ. ಅದನ್ನು ಮಾಡಿದವನು ನಿಜವಾದ ಮಾವನ್ನು ನಮಗಿಂತ ಹೆಚ್ಚು ದಿಟ್ಟಿಸಿ ನೋಡಿರಬೇಕು. ತೊಟ್ಟಿನ ಬಳಿಯ ಹಸಿರು ಎಲ್ಲಿ ಹಳದಿಗೆ ತಿರುಗುವದೆಂಬದು ಅವನಿಗೆ ತಿಳಿದಿರಬೇಕು.

ಬಾಯ ಮಾತಿಗೆ ಶ್ರೀಕೃಷ್ಣ ಪಾರಿಜಾತವೇ ಸಾಕ್ಷಿ. ಅಪರಾಳ ತಮ್ಮಣ್ಣನ ಕೃತಿಯನ್ನು ಆಟಕ್ಕೆ ಒಗ್ಗಿಸಿ ಮನೆಮಾತಾಗಿ ಮಾಡಿದವನು ಕುಲಗೋಡ ತಮ್ಮಣ್ಣ. ಆ ಕುಲಗೋಡವು ಈಗಿನ ಮೂಡಲಗಿ ತಾಲ್ಲೂಕಿನದು. ಈ ಆಟದಿಂದಲೇ ಹೆಸರಾದ ಕೌಜಲಗಿ ನಿಂಗಮ್ಮನು, ಹೆಣ್ಣುಮಕ್ಕಳು ರಂಗವನ್ನೇರುವದು ಸುಲಭವಲ್ಲದ ಕಾಲದಲ್ಲಿ, ಹಳ್ಳಿಹಳ್ಳಿಯ ಜನರನ್ನು ಬೆಳಗಿನವರೆಗೆ ಕೂಡಿಸಿದವಳು. ಪಾರಿಜಾತವು ಸ್ವರ್ಗದ ಹೂವು. ಅದಕ್ಕಾಗಿ ಮುನಿಸಿಕೊಂಡವಳು ದ್ವಾರಕೆಯ ರಾಣಿ ಸತ್ಯಭಾಮೆ. ಆದರೆ ಆ ರಾಣಿಯು ಮಾತಾಡುವದು ನಮ್ಮ ಮನೆಯ ಹೆಣ್ಣುಮಕ್ಕಳ ಕನ್ನಡವನ್ನು. ಸ್ವರ್ಗವನ್ನು ತಮ್ಮ ಅಂಗಳಕ್ಕಿಳಿಸಿ, ತಮ್ಮ ನುಡಿಯನ್ನು ಅದರ ಬಾಯಲ್ಲಿಡುವ ಧೈರ್ಯವು ಇಲ್ಲಿಯ ಜನರಿಗೆ ಹಿಂದಿನಿಂದಲೂ ಇತ್ತು.

ಈ ಸೀಮೆಯು ಬೇರೆ ದಾರಿಯ ಲೇಖಕರನ್ನೂ ಹೆತ್ತಿದೆ. ಗೋಕಾಕ ತಾಲ್ಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿದ ಬೆಟಗೇರಿ ಕೃಷ್ಣಶರ್ಮರು 'ಆನಂದಕಂದ'ರೆಂಬ ಹೆಸರಿನಿಂದ ಬರೆದು, ಜನಪದ ಗೀತೆಗಳನ್ನು ಕೂಡಿಹಾಕಿ, 'ಜಯಂತಿ' ಮಾಸಪತ್ರಿಕೆಯನ್ನು ನಡೆಯಿಸಿದರು. ಅದೇ ತಾಲ್ಲೂಕಿನ ಮಲಾಮರಡಿಯಲ್ಲಿ 1919ರಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿಯವರು ಬಡವರ ಬಾಳನ್ನು ಇದ್ದದ್ದು ಇದ್ದಹಾಗೆ ಕಾದಂಬರಿಗಳಲ್ಲಿ ತೋರಿಸಿದರು. ಕಂಬಾರರು ಹಿಡಿದ ದಾರಿ ಮೂರನೆಯದು. ಇದ್ದುದನ್ನು ತೋರಿಸಲಿಕ್ಕೆ ಇಲ್ಲದುದನ್ನು ಕಲ್ಪಿಸುವ ದಾರಿ ಅದು.

ಜೀವನ

ಚಂದ್ರಶೇಖರ ಕಂಬಾರರು 1937ನೆಯ ಇಸವಿ ಜನೇವರಿ 2ರಂದು ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಜನಿಸಿದರು. ಮನೆತನದ ಕಸಬನ್ನು ಹೆಸರೇ ಹೇಳುತ್ತದೆ. ಕಂಬಾರನೆಂದರೆ ಕಬ್ಬಿಣದ ಕೆಲಸದವನು, ಊರಿನ ರೈತರಿಗೆ ಕುಡ ಕುಡಗೋಲುಗಳನ್ನು ಹಣಿದು ಕೊಡುವವನು. ಊರಿನ ಬಯಲಾಟ, ಹಾಡು, ಹಬ್ಬ, ಜಾತ್ರೆಗಳು ಬಾಲಕನ ಮೊದಲನೆಯ ಪಾಠಶಾಲೆಯಾದವು.

ಎರಡನೆಯ ಪಾಠಶಾಲೆಯು ಗೋಕಾಕದಲ್ಲಿತ್ತು. ಆದರೆ ಬಡತನವು ಅಡ್ಡಬಂದು ಓದು ನಿಂತುಹೋಗುವ ಪ್ರಸಂಗ ಒದಗಿತು. ಆಗ ಸಾವಳಗಿಯ ಜಗದ್ಗುರು ಸಿದ್ಧರಾಮ ಸ್ವಾಮಿಗಳು ಹುಡುಗನನ್ನು ಕೈಹಿಡಿದು ವಿದ್ಯಾಭ್ಯಾಸದ ವೆಚ್ಚವನ್ನು ವಹಿಸಿಕೊಂಡರು. ಒಬ್ಬ ಹುಡುಗನ ಶಾಲೆಯ ಫೀಯು ಎಷ್ಟು ದೊಡ್ಡ ಮೊತ್ತವಾಗಿದ್ದೀತು? ಅದು ಸಲ್ಲದೆ ಹೋಗಿದ್ದರೆ ಕನ್ನಡವು ಏನನ್ನು ಕಳೆದುಕೊಳ್ಳುತ್ತಿತ್ತೆಂಬದನ್ನು ಮಾತ್ರ ಈಗ ಎಣಿಸಬಹುದು. ಕವಿಯು ಆ ಉಪಕಾರವನ್ನು ಮರೆಯಲಿಲ್ಲ. ಸಾವಳಗಿಯ ಶಿವಲಿಂಗನ ಸ್ಮರಣೆಯು ಅವರ ಕೃತಿಗಳಲ್ಲಿ ಬರುತ್ತದೆ.

ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಅವರು ಡಾಕ್ಟರೇಟ್ ಪದವಿಯನ್ನು ಪಡೆದರು. ಅಮೆರಿಕೆಯ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಕೆಲಕಾಲವೂ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸುಮಾರು ಎರಡು ದಶಕಗಳವರೆಗೂ ಅಧ್ಯಾಪಕರಾಗಿದ್ದರು. 1991ರಲ್ಲಿ ಹಂಪೆಯಲ್ಲಿ ಕನ್ನಡ ವಿಶ್ವವಿದ್ಯಾಲಯವು ಸ್ಥಾಪನೆಯಾದಾಗ ಅದರ ಮೊದಲನೆಯ ಕುಲಪತಿಗಳಾದರು. 1996ರಿಂದ 2000ದವರೆಗೆ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯ ಅಧ್ಯಕ್ಷರಾಗಿಯೂ, 2018ರಿಂದ 2023ರವರೆಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷರಾಗಿಯೂ ಇದ್ದರು. 2019ರ ಜನೇವರಿಯಲ್ಲಿ ಧಾರವಾಡದಲ್ಲಿ ಕೂಡಿದ 84ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಲನಕ್ಕೆ ಅವರೇ ಅಧ್ಯಕ್ಷರು. 'ಸಿರಿಸಂಪಿಗೆ' ನಾಟಕಕ್ಕೆ 1991ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯು ಅವರಿಗೆ ಸಂದಾಗ, ಆ ಗೌರವವನ್ನು ಪಡೆದ ಕನ್ನಡಿಗರಲ್ಲಿ ಅವರು ಎಂಟನೆಯವರಾದರು. ಸರಕಾರವು 2021ರಲ್ಲಿ ಪದ್ಮಭೂಷಣವನ್ನಿತ್ತಿತು.

ಪದವಿ ಪ್ರಶಸ್ತಿಗಳ ಈ ಪಟ್ಟಿಯನ್ನು ಇಲ್ಲಿಗೇ ನಿಲ್ಲಿಸೋಣ. ಶಿಕಾಗೋ ಕಂಡವರು, ದಿಲ್ಲಿಯ ಪೀಠಗಳಲ್ಲಿ ಕುಳಿತವರು, ಬರೆಯಲು ಕುಳಿತಾಗ ಮಾತ್ರ ತಪ್ಪದೆ ಘಟಪ್ರಭೆಯ ದಂಡೆಗೆ ಮರಳಿದರೆಂಬದನ್ನು ಲಕ್ಷ್ಯದಲ್ಲಿಡಬೇಕು.

ಶಿವಾಪುರವೆಂಬ ಊರು

ಶಿವಾಪುರವೆಂಬ ಹೆಸರಿನ ಹಳ್ಳಿಗಳು ನಮ್ಮ ನಾಡಿನಲ್ಲಿ ಹಲವು ಇವೆ. ಕಂಬಾರರ ಶಿವಾಪುರವು ಅವುಗಳಲ್ಲಿ ಯಾವದೂ ಅಲ್ಲ. ಅದಕ್ಕೆ ಟಪಾಲು ಹೋಗದು, ಮೋಟಾರು ಹೋಗದು. ಆದರೂ ಅಲ್ಲಿ ಗೌಡನಿದ್ದಾನೆ, ಗೌಡತಿಯಿದ್ದಾಳೆ, ಊರನ್ನು ಕಾಯುವ ತಾಯಿಯಿದ್ದಾಳೆ, ಮಳೆಗಾಗಿ ಬಾಯಿಬಿಟ್ಟ ಹೊಲಗಳಿವೆ. ಒಂದು ಕೃತಿಯಲ್ಲಿ ಹುಟ್ಟಿದ ಊರು ಮತ್ತೊಂದರಲ್ಲಿ ಬೆಳೆಯುತ್ತದೆ. ಒಂದರಲ್ಲಿ ಸಣ್ಣವನಾಗಿ ಕಂಡವನು ಮತ್ತೊಂದರಲ್ಲಿ ನಾಯಕನಾಗುತ್ತಾನೆ.

ನಮ್ಮ ಅಲಂಕಾರಶಾಸ್ತ್ರವು ಅದ್ಭುತವನ್ನು ನವರಸಗಳಲ್ಲಿ ಎಣಿಸಿ, ಅದರ ಸ್ಥಾಯಿಭಾವವು ವಿಸ್ಮಯವೆಂದು ಹೇಳಿದೆ. ಆದರೆ ಬೇಕಾದುದೆಲ್ಲವೂ ಆಗಬಹುದಾದ ಕಥೆಯಲ್ಲಿ ವಿಸ್ಮಯವಿರುವದಿಲ್ಲ. ಎಲ್ಲ ಹಾವುಗಳೂ ಮಾತಾಡಿದರೆ ಯಾರು ಬೆರಗಾದಾರು? ಕಂಬಾರರ ಕೃತಿಗಳನ್ನು ಒಟ್ಟಿಗಿಟ್ಟು ನೋಡಿದರೆ ಅವರು ಪಾಲಿಸಿದ ಕ್ರಮವೊಂದು ಕಣ್ಣಿಗೆ ಬೀಳುತ್ತದೆ. ಲೋಕದ ಒಂದೇ ಒಂದು ಕಟ್ಟಳೆಯನ್ನು ಸಡಿಲಿಸುವದು; ಉಳಿದುದೆಲ್ಲವನ್ನೂ ಹಳ್ಳಿಯ ಬಾಳಿನಷ್ಟೇ ಬಿಗಿಯಾಗಿರಿಸುವದು; ಅನಂತರ ಏನಾಗುವದೆಂದು ಕೊನೆಯವರೆಗೆ ಹಿಂಬಾಲಿಸುವದು. ಕೆಲವು ಉದಾಹರಣೆಗಳನ್ನು ನೋಡೋಣ.

'ಹೇಳತೇನ ಕೇಳ' ಎಂಬ ಕಥನಕಾವ್ಯವು 1964ರದು. ಇದರಲ್ಲಿ ಊರ ಗೌಡನ ರೂಪವನ್ನು ರಕ್ಕಸನೊಬ್ಬನು ತಳೆಯುತ್ತಾನೆ. ಸಡಿಲಿಸಿದ ಕಟ್ಟಳೆಯು ಇದೊಂದೇ. ಮುಖವು ಗೌಡನದೇ, ರುಮಾಲೂ ಗೌಡನದೇ. ಒಳಗಿರುವವನು ಮಾತ್ರ ಬೇರೆ. ಆಳುವವನು ನಮ್ಮವನ ಹಾಗೆಯೇ ತೋರುತ್ತ ನಮ್ಮವನಲ್ಲದೆ ಹೋದರೆ ಊರಿಗೆ ಏನಾಗುವದು? ಪರರ ಆಳಿಕೆಯನ್ನು ಕಂಡ ದೇಶದ ಜನರಿಗೆ ಈ ರಕ್ಕಸನ ಗುರುತು ಹತ್ತದೆ ಇರಲಾರದು.

1972ರ 'ಜೋಕುಮಾರಸ್ವಾಮಿ'ಯು ನಮ್ಮೆಲ್ಲರಿಗೂ ಗೊತ್ತಿರುವ ಹಬ್ಬದಿಂದ ಹುಟ್ಟಿದ ನಾಟಕ. ಭಾದ್ರಪದದಲ್ಲಿ ಗಣಪತಿಯು ಹೋದ ಬಳಿಕ ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕುಳಿತು ಮನೆಮನೆಗೆ ಬರುವ ಮಣ್ಣಿನ ಜೋಕುಮಾರನನ್ನು ನೀವು ಕಂಡಿರುವಿರಿ. ಕಡುಬು ತಿಂದು ಹೋದ ಗಣಪತಿಯು 'ಭೂಲೋಕದಲ್ಲಿ ಎಲ್ಲರೂ ಸುಖವಾಗಿದ್ದಾರೆ' ಎಂದು ಶಿವನಿಗೆ ಹೇಳಿದರೆ, ಬಡವರ ಕೇರಿಯನ್ನು ಸುತ್ತಿ ಹೋದ ಜೋಕುಮಾರನು 'ಮಳೆಯಿಲ್ಲ, ಬೆಳೆಯಿಲ್ಲ' ಎಂದು ನಿಜವನ್ನು ತಿಳಿಸುವನೆಂದು ನಮ್ಮ ಹೆಂಗಸರ ನಂಬಿಕೆ. ಈ ಜೋಕುಮಾರನ ಬಲದಿಂದಲೇ ಕಂಬಾರರ ನಾಟಕವು ಒಂದು ಪ್ರಶ್ನೆಯನ್ನು ಕೇಳುತ್ತದೆ. ಭೂಮಿಯು ಕಾಗದಪತ್ರವುಳ್ಳ ಗೌಡನದೋ, ಬೆವರು ಸುರಿಸುವ ಬಸಣ್ಣನದೋ? ನಾಟಕವಾಗಿ ಎರಡು ವರ್ಷಗಳ ತರುವಾಯ, 1974ರಲ್ಲಿ, ಗೇಣಿದಾರನಿಗೆ ಭೂಮಿಯ ಒಡೆತನವನ್ನು ಕೊಡುವ ತಿದ್ದುಪಡಿಯು ಕರ್ನಾಟಕದಲ್ಲಿ ಜಾರಿಗೆ ಬಂದಿತು. ಕಾಯಿದೆಯನ್ನು ನಾಟಕವು ತಂದಿತೆಂದು ನಾನು ಹೇಳುವದಿಲ್ಲ. ಶಾಸನಸಭೆಯು ಶಾಸನದ ಮಾತಿನಲ್ಲಿ ಉತ್ತರಿಸಿದ ಪ್ರಶ್ನೆಯನ್ನು ಹಳ್ಳಿಯ ದೇವರ ಬಾಯಿಂದ ಮೊದಲೇ ಕೇಳಿಸಿದ್ದರೆಂದು ಮಾತ್ರ ಹೇಳುತ್ತೇನೆ.

1975ರ ಕಾದಂಬರಿ 'ಕರಿಮಾಯಿ'ಯಲ್ಲಿ ಪಟ್ಟಣದ ವಿದ್ಯೆಯನ್ನು ಕಲಿತು ಬಂದ ಗುಡಸೀಕರನು ಊರಿನ ಹಿರಿಯರೊಡನೆ ಸೆಣಸುತ್ತಾನೆ. ಕಲಿತವನ ಹಮ್ಮು, ಕಲಿಯದವರ ಹಟ ಇವೆರಡನ್ನೂ ಲೇಖಕರು ಮುಚ್ಚಿಡದೆ ತೋರಿಸಿದ್ದಾರೆ. 1982ರ 'ಸಿಂಗಾರೆವ್ವ ಮತ್ತು ಅರಮನೆ'ಯು ಪಾಳುಬೀಳುತ್ತಿರುವ ದೇಸಗತಿಯ ಅರಮನೆಯನ್ನು ಸೇರಿದ ಹೆಣ್ಣುಮಗಳೊಬ್ಬಳ ಕಥೆ. ಈ ಸೀಮೆಯಲ್ಲಿ ಇಂಥ ವಾಡೆಗಳ ಮುರಿದ ಬಾಗಿಲುಗಳನ್ನು ಕಾಣದವರಾರು?

'ಸಿರಿಸಂಪಿಗೆ'ಯಲ್ಲಿ ರಾಜಕುಮಾರನ ದೇಹವು ಎರಡು ಹೋಳಾಗಿ, ಒಂದು ಮನುಷ್ಯನಾಗಿ, ಮತ್ತೊಂದು ಹಾವಾಗಿ ಬೆಳೆಯುತ್ತದೆ. ಅವನನ್ನು ಮದುವೆಯಾದ ಸಿರಿಸಂಪಿಗೆಯು ಅರ್ಧ ಗಂಡನೊಡನೆ ಬಾಳಬೇಕಾಗುತ್ತದೆ. ಹಾವು ರಾಜಕುಮಾರನಾಗುವದುಂಟೇ ಎಂದು ಕೇಳಿದ ಪಾಲಕರಿಗೆ ಇಲ್ಲಿ ಉತ್ತರ ಹೇಳಬಹುದು. ಇಲ್ಲ, ಆಗುವದಿಲ್ಲ. ಆದರೆ ಹಗಲು ಒಬ್ಬನಾಗಿಯೂ ಇರುಳು ಮತ್ತೊಬ್ಬನಾಗಿಯೂ ಇರುವ ಮನುಷ್ಯನು ಇಲ್ಲವೆಂದು ಯಾವ ಹೆಣ್ಣುಮಗಳೂ ಹೇಳಲಾರಳು. ಅವಳು ಬಾಯಿಬಿಟ್ಟು ಹೇಳಲಾರದ ಆ ಮಾತನ್ನು ಕಥೆಯು ಹಾವಿನ ನೆವದಿಂದ ಹೇಳುತ್ತದೆ.

1999ರ 'ಮಹಾಮಾಯಿ'ಯಲ್ಲಿ ಮೃತ್ಯುದೇವತೆಯೇ ಒಬ್ಬ ಅನಾಥ ಮಗುವನ್ನು ಸಾಕಿ ವೈದ್ಯನನ್ನಾಗಿ ಮಾಡುತ್ತಾಳೆ. ರೋಗಿಯ ಹಾಸಿಗೆಯ ಯಾವ ಬದಿಯಲ್ಲಿ ತಾಯಿಯು ನಿಂತಿದ್ದಾಳೆಂಬದನ್ನು ನೋಡಿ, ರೋಗಿಯು ಉಳಿಯುವನೋ ಇಲ್ಲವೋ ಎಂಬದನ್ನು ಅವನು ಅರಿಯಬೇಕು. ಬದುಕಿಸಬೇಕೆಂಬ ಹಂಬಲವು ತಾಯಿಯ ಆಜ್ಞೆಗೆ ಎದುರಾದಾಗ ಅವನೇನು ಮಾಡಬೇಕು? ಆಸ್ಪತ್ರೆಯಲ್ಲಿ ಸೇವೆಮಾಡುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಈ ನಾಟಕವನ್ನು ಓದಿದರೆ, ಇದು ಕಟ್ಟುಕಥೆಯೆಂದು ಪುಸ್ತಕವನ್ನು ಮುಚ್ಚಲಾರರು.

1996ರ ಮಹಾಕಾವ್ಯ 'ಚಕೋರಿ'ಯು ಚಂದಮುತ್ತನೆಂಬ ತರುಣನನ್ನೂ ಬೆಳದಿಂಗಳ ಯಕ್ಷಿಯನ್ನೂ ಸಂಗೀತದಿಂದ ಹೆಣೆದ ಕಥೆ. ಅದರಲ್ಲಿಯ ಚಿನ್ನಮುತ್ತನ ಎಳೆಯನ್ನು ಹಿಡಿದು ಮುಂದೆ 'ಶಿಖರಸೂರ್ಯ' ಕಾದಂಬರಿಯು ಹುಟ್ಟಿತು. ಜೀವ ಉಳಿಸಲಿಕ್ಕಾಗಿ ಶಿವಾಪುರವು ಕಾಪಾಡಿಕೊಂಡು ಬಂದ ವಿದ್ಯೆಯನ್ನು ಅಧಿಕಾರದ ಆಸೆಯುಳ್ಳವನು ಕನಕಪುರಿಗೆ ಒಯ್ದರೆ ಏನಾಗುವದೆಂಬದೇ ಅದರ ವಿಚಾರ. ವಿದ್ಯಾದಾನವನ್ನೇ ಕೆಲಸವಾಗಿ ಉಳ್ಳ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಪ್ರಶ್ನೆಯು ಯಾವದು?

ಹೊರಲೋಕದಲ್ಲಿ ಇಂಥವರು

ಇಲ್ಲದ ನಾಡನ್ನು ಕಟ್ಟಿ ಇರುವ ನಾಡನ್ನು ತಿದ್ದಬಯಸಿದವರು ಬೇರೆಡೆಯೂ ಆಗಿಹೋಗಿದ್ದಾರೆ. ಹೆಣ್ಣುಮಕ್ಕಳು ಅವಶ್ಯವಾಗಿ ತಿಳಿಯಬೇಕಾದ ಹೆಸರೊಂದನ್ನು ಇಲ್ಲಿ ಹೇಳುತ್ತೇನೆ. ಬಂಗಾಲದ ರೊಕೇಯಾ ಸಖಾವತ್ ಹುಸೇನರು 1905ರಲ್ಲಿ 'ಸುಲ್ತಾನಾಳ ಕನಸು' ಎಂಬ ಇಂಗ್ಲಿಷ್ ಕಥೆಯನ್ನು ಮದ್ರಾಸಿನ ಸ್ತ್ರೀಯರ ಮಾಸಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಅದರಲ್ಲಿ ಗಂಡಸರು ಪರದೆಯೊಳಗಿರುತ್ತಾರೆ. ವಿದ್ಯಾವತಿಯರಾದ ಹೆಂಗಸರು ಸೂರ್ಯನ ಶಾಖವನ್ನು ಕೂಡಿಟ್ಟು ಅಡಿಗೆ ಮಾಡುತ್ತಾರೆ, ಅದರಿಂದಲೇ ಶತ್ರುಗಳನ್ನು ಓಡಿಸುತ್ತಾರೆ. ಇಲ್ಲಿಯೂ ಸಡಿಲಿಸಿದ ಕಟ್ಟಳೆಯು ಒಂದೇ. ಆ ತಾಯಿಯು ಕನಸು ಕಂಡು ಸುಮ್ಮನೆ ಕೂಡಲಿಲ್ಲ. 1911ರಲ್ಲಿ ಕಲಕತ್ತೆಯಲ್ಲಿ ಹೆಣ್ಣುಮಕ್ಕಳ ಪಾಠಶಾಲೆಯನ್ನು ತೆರೆದು, ಮನೆಮನೆಗೆ ಹೋಗಿ ಬಾಲಕಿಯರನ್ನು ಕರೆತಂದರು. ಕಂಬಾರರು ಮೆಚ್ಚಿದ ಐರ್ಲೆಂಡಿನ ಯೇಟ್ಸ್, ಸ್ಪೇನಿನ ಲೋರ್ಕಾ ಇವರೂ ತಮ್ಮ ತಮ್ಮ ಹಳ್ಳಿಗರ ಕಥೆಹಾಡುಗಳಿಂದಲೇ ಶಕ್ತಿಯನ್ನು ಪಡೆದವರು.

ಇಷ್ಟು ದೂರ ಹೋಗದಿದ್ದರೂ ಸರಿ. ಪಂಚತಂತ್ರದ ನರಿಗಳು ನಿಜವಾಗಿ ಮಾತಾಡಿದವೆಂದು ಯಾರೂ ಆಣೆಯಿಡಲಾರರು. ಸುವಾರ್ತೆಯಲ್ಲಿಯ ದಯಾಳುವಾದ ಸಮಾರ್ಯದವನ ಹೆಸರೇನು, ಮನೆ ಯಾವದು ಎಂದು ಯಾರೂ ಕೇಳಿಲ್ಲ. ಆದರೂ ಅವನ ಗುರುತು ಎಲ್ಲರಿಗೂ ಹತ್ತುತ್ತದೆ.

ನುಡಿಯ ವಿಚಾರ

ಕಂಬಾರರ ಶಿವಾಪುರವು ನಿಂತಿರುವದು ಎರಡು ಕಂಬಗಳ ಮೇಲೆ. ಒಂದು ಕಲ್ಪನೆ; ಮತ್ತೊಂದು ನುಡಿ. 'ಹೇಳತೇನ ಕೇಳ' ಎಂಬ ಹೆಸರನ್ನೇ ನೋಡಿರಿ. ವ್ಯಾಕರಣದ ಪುಸ್ತಕದಲ್ಲಿ ಇದು 'ಹೇಳುತ್ತೇನೆ ಕೇಳು' ಎಂದಿರಬೇಕು. ಹಾಗೆ ತಿದ್ದಿದರೆ ಅರ್ಥವು ಉಳಿಯುತ್ತದೆ, ಹೇಳುವವನು ಮಾತ್ರ ಇಲ್ಲದಾಗುತ್ತಾನೆ. ಕಟ್ಟೆಯ ಮೇಲೆ ಕುಳಿತು ತೊಡೆಯನ್ನು ತಟ್ಟಿ ಕಥೆಯನ್ನು ಆರಂಭಿಸುವ ಮುತ್ಯಾನು ಎದ್ದುಹೋಗಿ, ಅವನ ಜಾಗದಲ್ಲಿ ಗುಮಾಸ್ತನೊಬ್ಬನು ಕುಳಿತಂತಾಗುತ್ತದೆ.

ಈ ನುಡಿಯನ್ನು ಅವರು ಬರಿಯ ಅಲಂಕಾರಕ್ಕಾಗಿ ಬಳಸಿದವರಲ್ಲ; ಶ್ರಮಪಟ್ಟು ಅಭ್ಯಾಸ ಮಾಡಿದವರು. ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನು ಕುರಿತು ಸಂಶೋಧನ ಗ್ರಂಥವನ್ನು ಬರೆದರು. 1985ರಲ್ಲಿ ಪ್ರಕಟವಾದ 'ಕನ್ನಡ ಜಾನಪದ ವಿಶ್ವಕೋಶ'ವನ್ನು ಸಂಪಾದಿಸಿದರು. ಚಿಕ್ಕ ಮಕ್ಕಳ ಶಿಕ್ಷಣವು ತಾಯ್ನುಡಿಯಲ್ಲಿಯೇ ನಡೆಯಬೇಕೆಂದು ವಾದಿಸುತ್ತ ಬಂದರು. ಅವರ ನುಡಿಯು ಕಾಗದದಿಂದ ರಂಗಕ್ಕೂ ರಂಗದಿಂದ ಚಲಚ್ಚಿತ್ರಕ್ಕೂ ಹೋಯಿತು. ಅವರೇ ನಿರ್ದೇಶ ಮಾಡಿದ 'ಕಾಡು ಕುದುರೆ'ಯ ಹಾಡಿಗಾಗಿ ಶಿವಮೊಗ್ಗ ಸುಬ್ಬಣ್ಣನವರಿಗೆ ಗಾಯನದ ರಾಷ್ಟ್ರಪ್ರಶಸ್ತಿಯು ದೊರೆಯಿತು.

ಜನರ ಬಾಯ ಮಾತಿಗೆ ಮರ್ಯಾದೆಯನ್ನು ಕೊಡುವದು ನಮ್ಮ ಶಾಲೆಗಳಿಗೂ ಹೊಸದಾಗಬೇಕಾಗಿರಲಿಲ್ಲ. ಬಾಸೆಲ್ ಮಿಶನ್ನಿನ ಕಿಟೆಲ್ಲರು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ತಮ್ಮ ಶಬ್ದಕೋಶದಲ್ಲಿ ಹಳೆಯ ಕಾವ್ಯಗಳ ಶಬ್ದಗಳ ಮಗ್ಗುಲಲ್ಲಿಯೇ ಸಾಮಾನ್ಯ ಜನರ ಗಾದೆಗಳನ್ನು ಕೂಡಿಸಿದರು. ಜರ್ಮನಿಯಿಂದ ಬಂದವರಿಗೆ ತಿಳಿದ ಮಾತು ಇಲ್ಲಿಯೇ ಹುಟ್ಟಿ ಬೆಳೆದ ನನಗೆ ಬಹಳ ತಡವಾಗಿ ತಿಳಿಯಿತು.

ಒಂದು ತಪ್ಪೊಪ್ಪಿಗೆ

ಬಹಳ ವರ್ಷಗಳ ಹಿಂದಿನ ಮಾತು. ನಾನು ಆಗ ಏಳನೆಯ ಇಯತ್ತೆಗೆ ಕನ್ನಡವನ್ನು ಕಲಿಸುತ್ತಿದ್ದೆ. 'ನಮ್ಮ ಊರಿನ ಹೊಳೆ' ಎಂಬ ವಿಷಯದ ಮೇಲೆ ನಿಬಂಧವನ್ನು ಬರೆಯಲು ಹೇಳಿದಾಗ ಎಲ್ಲ ಬಾಲಕಿಯರೂ ಹೊಳೆಯ ಉಗಮ, ಉದ್ದ, ಉಪಯೋಗಗಳನ್ನು ಬರೆದರು. ದಂಡೆಯ ಹಳ್ಳಿಯಿಂದ ಬರುತ್ತಿದ್ದ ಒಬ್ಬಳು ಮಾತ್ರ ಕಥೆಯನ್ನು ಬರೆದಳು. ಹೊಳೆಯು ನಡುರಾತ್ರಿ ಎದ್ದು, ಸೀರೆಯ ನಿರಿಗೆಯನ್ನು ಎತ್ತಿ ಹಿಡಿದು, ಓಣಿಯಲ್ಲಿ ನಡೆದುಬಂದು, ಒಂದೊಂದೇ ಮನೆಯ ಬಾಗಿಲನ್ನು ಬಡಿದು, 'ನನ್ನ ಉಸುಕು ಒಯ್ದವರ‍್ಯಾರು? ನನ್ನ ಹಾಸಿಗಿ ಎಲ್ಲೈತಿ?' ಎಂದು ಕೇಳುತ್ತದೆ. ಕಥೆಯು ಮುಗಿಯುವಾಗ ಹೊಳೆಯು ಹುಡುಗಿಯ ಮನೆಯ ಒಳಗೇ ಬಂದು ಮಲಗುತ್ತದೆ.

ನಾನು ಕೆಂಪು ಮಸಿಯಿಂದ 'ಉಸುಕು', 'ಹಾಸಿಗಿ', 'ಎಲ್ಲೈತಿ' ಎಂಬ ಶಬ್ದಗಳನ್ನೆಲ್ಲ ಹೊಡೆದುಹಾಕಿ, ಕೆಳಗೆ 'ಸುಳ್ಳು ಬರೆಯಬಾರದು. ಶುದ್ಧ ಭಾಷೆಯಲ್ಲಿ ಬರೆಯಬೇಕು' ಎಂದು ಬರೆದೆ. ಹುಡುಗಿಯು ಎದ್ದು ನಿಂತು, "ಅಕ್ಕೋರ, ನಮ್ಮ ಆಯಿ ಹೇಳಿದ್ದ ಬರದೀನ್ರಿ" ಎಂದಳು. ಕುಳ್ಳಿರೆಂದು ಸನ್ನೆಮಾಡಿದೆ. ಆ ಮೇಲೆ ಅವಳು ಬರೆದ ನಿಬಂಧಗಳಲ್ಲಿ ಒಂದೂ ತಪ್ಪಿರಲಿಲ್ಲ. ಅವುಗಳಲ್ಲಿ ಒಂದೂ ನನ್ನ ನೆನಪಿನಲ್ಲಿ ಉಳಿದಿಲ್ಲ.

2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭೆಯು ಉಕ್ಕಿ ಗೋಕಾಕದ ಓಣಿಗಳನ್ನೂ ದಂಡೆಯ ಹಳ್ಳಿಗಳನ್ನೂ ಹೊಕ್ಕದ್ದು ನಿಮ್ಮಲ್ಲಿ ಅನೇಕರ ಮನೆಯ ಗೋಡೆಗಳಿಗೇ ಗೊತ್ತು. ನೆರೆಯಿಳಿದ ತರುವಾಯ ಅರಿವೆ ಅಂಚಡಿಗಳನ್ನು ಹಂಚುವ ಕಡೆಯಲ್ಲಿ ಅವಳನ್ನು ಕಂಡೆ. ಅವಳ ಕೈಯಲ್ಲಿ ಮಗಳಿದ್ದಳು. ಮನೆಯಲ್ಲಿ ಮೊಳಕಾಲುದ್ದ ರೊಜ್ಜು ಕೂತಿತ್ತಂತೆ. ನಾನೇ ಕೇಳಿದೆ: "ಹೊಳಿ ಮನಿಗೆ ಬಂದ ಕಥಿ ಬರದಿದ್ದೆಲ್ಲ, ನೆನಪೈತೇನವ್ವಾ?" ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನ ಅವತ್ತ ಮರತೇನ್ರಿ ಅಕ್ಕೋರ. ಸುಳ್ಳು ಬರೀಬ್ಯಾಡ ಅಂದಿದ್ರೆಲ್ಲ" ಎಂದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಆ ಹುಡುಗಿಯು ದೊಡ್ಡ ಲೇಖಕಿಯಾಗುತ್ತಿದ್ದಳೆಂದು ಹೇಳಲು ನನಗೆ ಅಧಿಕಾರವಿಲ್ಲ. ಆದರೆ ಅವಳ ಆಯಿಯು ಹೊಳೆಯ ಬಗ್ಗೆ ತಿಳಿದಿದ್ದ ಸತ್ಯವೊಂದು ಕಥೆಯ ರೂಪದಿಂದ ನನ್ನ ಮೇಜಿನ ಮೇಲೆ ಬಂದಿತ್ತು; ನಾನು ಅದನ್ನು ಸುಳ್ಳೆಂದು ಹೊಡೆದುಹಾಕಿದೆ. 'ಹೇಳತೇನ ಕೇಳ' ಎಂಬ ಹೆಸರಿನ ಕಾವ್ಯವನ್ನು ಯಾವಳಾದರೂ ವಿದ್ಯಾರ್ಥಿನಿಯು ತಂದುಕೊಟ್ಟಿದ್ದರೆ, ಆ ಎರಡು ಶಬ್ದಗಳಲ್ಲಿ ಎರಡನ್ನೂ ತಿದ್ದುತ್ತಿದ್ದವಳು ನಾನು. ಘೋಡಗೇರಿಯ ಹುಡುಗನಿಗೆ ಶಾಲೆಯ ಫೀಯನ್ನು ಕೊಡುವವರು ದೊರೆತರೆಂಬದು ನಮ್ಮ ನಾಡಿನ ಭಾಗ್ಯ. ಅವನ ಮನೆಯ ಮಾತನ್ನೂ ಊರಿನ ಕಥೆಗಳನ್ನೂ ಶಾಲೆಯು ಕಸಿದುಕೊಳ್ಳದೆ ಹೋಯಿತೆಂಬದೂ ಅಷ್ಟೇ ದೊಡ್ಡ ಭಾಗ್ಯ.

ಪಾಲಕರಿಗೆ ಉತ್ತರ

ಆದುದರಿಂದ, ತಾಯಿತಂದೆಗಳೇ, ಮೊದಲಿನ ಪ್ರಶ್ನೆಗೆ ನನ್ನ ಉತ್ತರವು ಇದು. ಲೆಕ್ಕದ ಪುಸ್ತಕವನ್ನು ಮುಚ್ಚಿಡುವದು ಬೇಡ; ಲೆಕ್ಕ ಬರದವಳ ಕಲ್ಪನೆಗೆ ಕಾಲಿರುವದಿಲ್ಲ. ಶುದ್ಧ ಬರಹವನ್ನೂ ಅವಳು ಕಲಿಯಲೇಬೇಕು. ಅರ್ಜಿಯನ್ನು ಬರೆಯುವಾಗ, ಪರೀಕ್ಷೆಗೆ ಕೂಡುವಾಗ ಅದು ಬೇಕು. ಆದರೆ ಕಥೆಯನ್ನು ಓದುವ ಮಗಳನ್ನು ಸುಳ್ಳನ್ನು ಓದುವವಳೆಂದು ಹಳಿಯಬೇಡಿರಿ. 'ಹೀಗಾದರೆ ಏನಾದೀತು?' ಎಂದು ಕೇಳಬಲ್ಲವಳು, 'ಹೀಗೇಕೆ ಇರಬೇಕು?' ಎಂದೂ ಒಂದು ದಿನ ಕೇಳಬಲ್ಲಳು. ಗಂಡನ ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ ಅನ್ಯಾಯವನ್ನು ಕಂಡಾಗ ಆ ಎರಡನೆಯ ಪ್ರಶ್ನೆಯು ಅವಳಿಗೆ ಆಸರವಾಗುವದು.

ಹಳೆಯ ವಿದ್ಯಾರ್ಥಿನಿಯರಿಗಾಗಿ, ಹಳೆಯ ರೂಢಿಯಂತೆ, ಮನೆಗೆಲಸವನ್ನು ಕೊಟ್ಟು ಮುಗಿಸುತ್ತೇನೆ.

1. ನಿಮ್ಮ ಮನೆಯ ಹಿರಿಯಳೊಬ್ಬಳಿಂದ ಒಂದು ಕಥೆಯನ್ನು ಕೇಳಿ, ಅವಳ ಮಾತಿನಲ್ಲಿಯೇ ಬರೆದಿಡಿರಿ. ಒಂದು ಶಬ್ದವನ್ನೂ ತಿದ್ದಬೇಡಿರಿ.

2. ಆ ಕಥೆಯಲ್ಲಿ ಸಡಿಲಿಸಿದ ಕಟ್ಟಳೆಯು ಯಾವದು, ಬಿಗಿಯಾಗಿ ಉಳಿದುದು ಯಾವದು ಎಂಬದನ್ನು ಮಕ್ಕಳೊಡನೆ ವಿಚಾರಿಸಿರಿ.

3. ಕಂಬಾರರ ಒಂದು ನಾಟಕವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿರಿ. ಓದುವಾಗ ನಿಮ್ಮ ತವರಿನ ದನಿಯು ಬಂದರೆ ನಾಚಬೇಡಿರಿ.

ಹೊಳೆಯ ಕಥೆಯನ್ನು ಬರೆದ ನನ್ನ ವಿದ್ಯಾರ್ಥಿನಿಯು ಈ ಪುಟವನ್ನು ಓದಿದರೆ, ಅವಳಿಗೆ ಇನ್ನೊಂದು ಮಾತು. ಕಥೆಯು ನಿನ್ನ ಮಗಳಿಗಾದರೂ ತಿಳಿದಿರಲಿ, ತಾಯೀ. ಅವಳು ಬರೆದು ತಂದರೆ ನಾನು ಓದುತ್ತೇನೆ. ಕೆಂಪು ಮಸಿಯ ದೌತಿಯನ್ನು ತೆರೆಯುವದಿಲ್ಲ.